ಯಗೂತಾ ಮತ್ತು ನಾಲ್ಕನೆಯ ಚೀಟಿ

ನಮ್ಮ ಹೆನ್ಶೀರ್ ಪಟ್ಟಣದ ಭಾಷಾ ಕಾಲೇಜಿಗೆ ಎಷ್ಟೋ ಡೀನ್‌ಗಳು ಬಂದರು, ಹೋದರು. ಮೂವತ್ತೊಂದು ವರ್ಷ ಅದನ್ನು ನಡೆಸಿದವಳು ಯಗೂತಾ. ಕಾಗದದ ಮೇಲೆ ಅವಳು ಅರಬ್ಬಿ ವಿಭಾಗದ ಬೆರಳಚ್ಚುಗಾರ್ತಿ. ಆದರೆ ಪರೀಕ್ಷೆ ಯಾವ ದಿನ, ಯಾವ ಮೇಷ್ಟ್ರಿಗೆ ಯಾವ ಮೇಷ್ಟ್ರ ಮುಖ ಕಂಡರಾಗದು, ಯಾವ ಬೀರು ಒದ್ದರೆ ಮಾತ್ರ ತೆರೆಯುತ್ತದೆ, ಇವೆಲ್ಲ ಅವಳಿಗಷ್ಟೇ ಗೊತ್ತು. ನಾನು ಅದೇ ಕಾಲೇಜಿನ ಗ್ರಂಥಪಾಲಕಿ, ಹೆಸರು ಜ್ನೇನಾ. ನನಗೆ ಕೋಪ ಬೇಗ ಬರುತ್ತದೆ. ಪುಸ್ತಕ ತಡವಾಗಿ ತಂದವರನ್ನು ಕಂಡರೆ ಇನ್ನೂ ಬೇಗ ಬರುತ್ತದೆ. ಯಗೂತಾಳಿಗೆ ಕೋಪ ಬರುವುದೇ ಇಲ್ಲ, ಅವಳಿಗೆ ಮಾತು ಬರುತ್ತದೆ. ಕೋಪವೇ ವಾಸಿ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಯಗೂತಾ ಕಪ್ಪು ಜನರ ಪೈಕಿ. ನಮ್ಮ ದಕ್ಷಿಣ ಟುನೀಷಿಯಾದಲ್ಲಿ ಊರಿಗೊಂದು ಅವರ ಕೇರಿ ಇದ್ದೇ ಇದೆ, ಆದರೆ ಆಫೀಸಿನ ಮೇಜಿನ ಹಿಂದೆ ಅವರು ಕಾಣುವುದು ಅಪರೂಪ. ಹಾಗಾಗಿ ಪ್ರತಿ ಅಕ್ಟೋಬರಿನಲ್ಲೂ ಹೊಸದಾಗಿ ಸೇರಿದ ವಿದ್ಯಾರ್ಥಿ ಒಬ್ಬನಾದರೂ ಅವಳನ್ನು ‘ದಾದಾ’ ಎಂದು ಕರೆದೇ ಕರೆಯುತ್ತಾನೆ. ಹಿಂದೆ ದೊಡ್ಡ ಮನೆಗಳಲ್ಲಿ ಮಕ್ಕಳನ್ನು ಸಾಕುತ್ತಿದ್ದ ಕರಿಯ ಆಳುಹೆಂಗಸರನ್ನು ಕರೆಯುತ್ತಿದ್ದ ಮಾತು ಅದು. ಹುಡುಗರು ಗೌರವ ಎಂದುಕೊಂಡೇ ಹೇಳುತ್ತಾರೆ. ಯಗೂತಾ ಕನ್ನಡಕ ಕೆಳಗಿಳಿಸಿ ನೋಡುತ್ತಾಳೆ.

“ನಿನಗೆ ಹಾಲು ಕುಡಿಸಿದ ನೆನಪು ನನಗಿಲ್ವಲ್ಲ ಮಗಾ. ಇರ್ಲಿ, ಅರ್ಜಿ ಎಲ್ಲಿ?”

ನಾನು ಸಾಚಾ ಎಂದು ತಿಳಿಯಬೇಡಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಅವಳನ್ನು ಪ್ರೀತಿಯಿಂದ ‘ಕಹ್ಲೂಶಾ’, ಅಂದರೆ ಕರ್ರಗಿನವಳೇ, ಎಂದು ಕೂಗುತ್ತಿದ್ದೆ. ಒಂದು ಬೆಳಿಗ್ಗೆ ಅವಳು ಅಷ್ಟೇ ಪ್ರೀತಿಯಿಂದ ನನ್ನನ್ನು ‘ಹಸಿ ಹಿಟ್ಟು’ ಎಂದು ಕರೆಯಲು ಶುರುಮಾಡಿದಳು. ಕ್ಯಾಂಟೀನಿನಲ್ಲಿ, ವರಾಂಡದಲ್ಲಿ, ಡೀನ್ ಎದುರಿಗೆ, ಎಲ್ಲೆಂದರಲ್ಲಿ. “ಹಸಿ ಹಿಟ್ಟೇ, ಬೀಗದ ಕೈ ಕೊಡೇ.” ವಾರ ತುಂಬುವಷ್ಟರಲ್ಲಿ ನನ್ನ ಚಾಳಿ ಬಿಟ್ಟುಹೋಯಿತು. ಆಮೇಲೆ ನಾವು ಗೆಳತಿಯರಾದೆವು.

ಅವಳ ಪೂರ್ತಿ ಹೆಸರು ಯಗೂತಾ ಅತೀಗ್ ಖಲ್ಫೂನ್. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಖಲ್ಫೂನ್ ಮನೆಯವರು ಬಿಡುಗಡೆ ಮಾಡಿದ ಗುಲಾಮರ ಸಂತತಿ ಎಂದರ್ಥ. ಗುಲಾಮಗಿರಿ ಹೋಗಿ ನೂರೆಪ್ಪತ್ತು ವರ್ಷದ ಮೇಲಾಯಿತು, ರಿಜಿಸ್ಟರಿನಲ್ಲಿ ಆ ಮಾತು ಮಾತ್ರ ಗಟ್ಟಿಯಾಗಿ ಕೂತುಬಿಟ್ಟಿದೆ. ಅವಳ ಗಂಡ, ತೀರಿಕೊಂಡು ಆರು ವರ್ಷವಾಯಿತು, ಚಿಕ್ಕಪ್ಪನ ಮಗನೇ ಆಗಿದ್ದ. ಹಾಗಾಗಿ ಮಗಳು ತಿಬ್ರಾಳಿಗೂ ಅದೇ ಹೆಸರು ಬಂತು.

ಇನ್ನೊಂದು ತಮಾಷೆ. ಅವಳ ವಿಭಾಗದ ಮುಖ್ಯಸ್ಥರ ಹೆಸರು ಡಾಕ್ಟರ್ ಲಝರ್ ಖಲ್ಫೂನ್. ಅದೇ ಖಲ್ಫೂನ್ ಮನೆ, ಅದೇ ಊರಿನ ನಡುಬೀದಿಯ ದೊಡ್ಡ ಬಾಗಿಲು. ರಾಜಧಾನಿಯಿಂದ ಫೋನ್ ಮಾಡಿದವರು ಗಲಿಬಿಲಿಗೊಳ್ಳುವುದು ಮಾಮೂಲು.

“ನೀವು ಡಾಕ್ಟರ್ ಖಲ್ಫೂನ್ ಅವರ ತಂಗಿನಾ?”

“ಕಾಗದದಲ್ಲಿ ಸಂಬಂಧ ಇದೆ, ರಕ್ತದಲ್ಲಿ ಇಲ್ಲ. ಹಾಗಂತ ಅವರ ಮನೇಲಿ ಹೇಳ್ತಾರೆ.”

ಸೀ ಲಝರ್, ‘ಸೀ’ ಎಂದರೆ ನಮ್ಮಲ್ಲಿ ಶ್ರೀಮಾನ್, ಕೆಟ್ಟ ಮನುಷ್ಯರಲ್ಲ. ಅವರಿಗೆ ಮಾತುಗಳ ಹುಚ್ಚು. ದಕ್ಷಿಣದ ಆಡುಮಾತಿನ ನಿಘಂಟೊಂದನ್ನು ಇಪ್ಪತ್ತಾರು ವರ್ಷದಿಂದ ಕಟ್ಟುತ್ತಿದ್ದಾರೆ. ಒಂದು ಮಾತಿನ ಒಂದೊಂದು ಅರ್ಥಕ್ಕೆ ಒಂದೊಂದು ಚೀಟಿ. ಅವರು ಕೋಳಿ ಕೆದರಿದ ಹಾಗೆ ಬರೆದು ಕೊಡುತ್ತಾರೆ, ಯಗೂತಾ ಅದನ್ನು ಓದಿ ಅಚ್ಚುಕಟ್ಟಾಗಿ ಟೈಪ್ ಮಾಡುತ್ತಾಳೆ. ಚೀಟಿಗಳನ್ನೆಲ್ಲ ಬೂಟಿನ ಡಬ್ಬಿಗಳಲ್ಲಿ ತುಂಬಿ ನನ್ನ ಲೈಬ್ರರಿಯ ಹಿಂದಿನ ಗೋಡೆಗೆ ಜೋಡಿಸಿಟ್ಟಿದೆ. ಅಕ್ಷರಮಾಲೆಯಲ್ಲಿ ಅರ್ಧ ದಾರಿ ದಾಟಿದೆ. ಈ ಜನ್ಮದಲ್ಲಿ ಮುಗಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಅವರಿಗೊಬ್ಬರಿಗೆ ಬಿಟ್ಟು.

ಮೂವತ್ತೊಂದು ವರ್ಷದಿಂದ ಅವರು ಅವಳನ್ನು ‘ಲೆಲ್ಲಾ’ ಎಂಬ ಗೌರವದ ಮಾತು ಸೇರಿಸದೆ ಬರೀ ‘ಯಗೂತಾ’ ಎನ್ನುತ್ತಾರೆ, ‘ನೀನು’ ಎನ್ನುತ್ತಾರೆ. ಅವಳು ‘ಸೀ ಲಝರ್’ ಎನ್ನುತ್ತಾಳೆ, ‘ನೀವು’ ಎನ್ನುತ್ತಾಳೆ. ಯಾರಿಗೂ ಇದು ವಿಚಿತ್ರ ಅನ್ನಿಸಿರಲಿಲ್ಲ. ಈಗ ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಆ ವರ್ಷ ತಿಬ್ರಾಳ ಮದುವೆ ನಿಶ್ಚಯವಾಯಿತು. ಹುಡುಗ ಸ್ಫಾಕ್ಸ್ ನಗರದವನು, ಹಲ್ಲಿನ ಡಾಕ್ಟರು. ಜುಲೈ ತಿಂಗಳಲ್ಲಿ ಕರಾರು. ನಮ್ಮಲ್ಲಿ ಮದುವೆ ಕರಾರನ್ನು ನೋಟರಿ ಎರಡೂ ಮನೆಯವರ ಎದುರು ಗಟ್ಟಿಯಾಗಿ ಓದುತ್ತಾರೆ, ಹುಡುಗಿಯ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಒಂದಕ್ಷರ ಬಿಡದೆ. ಯಗೂತಾಳ ಸ್ವಂತ ಮದುವೆಯಲ್ಲಿ ಹಾಗೆ ಓದುವಾಗ ಖಲ್ಫೂನ್ ಮನೆಯ ಹಿರಿಯರೊಬ್ಬರು ಮುಂದಿನ ಸಾಲಿನಲ್ಲಿ ಕೂತಿದ್ದರಂತೆ. ‘ಅತೀಗ್ ಖಲ್ಫೂನ್’ ಎಂಬ ಮಾತು ಬಂದದ್ದೇ ತಡ, ನೆಂಟರ ಕಡೆ ತಿರುಗಿ ಸಂತೋಷದಿಂದಲೇ “ನಮ್ಮ ಮನೇದೇ” ಎಂದರಂತೆ, ಹಿತ್ತಲಿನ ಆಲಿವ್ ಎಣ್ಣೆಯ ವಿಷಯ ಹೇಳುವಂತೆ. ಮದುಮಗಳಿಗೆ ಆಮೇಲೆ ಏನು ನಡೆಯಿತೋ ನೆನಪೇ ಇಲ್ಲ. ಮುಖ ಸುಟ್ಟುಹೋದದ್ದೊಂದೇ ನೆನಪು.

“ತಿಬ್ರಾ ಅದನ್ನ ಕೇಳಬಾರದು ಜ್ನೇನಾ. ಅಷ್ಟೇ ನನಗೆ ಬೇಕಾಗಿರೋದು,” ಎಂದಳು ನನ್ನ ಹತ್ತಿರ.

ಬಣ್ಣ, ಕುಲದ ತಾರತಮ್ಯದ ವಿರುದ್ಧ ಹೊಸ ಕಾನೂನು ಬಂದಿತ್ತು. ಹೆಸರಿನಿಂದ ‘ಅತೀಗ್’ ತೆಗೆಸಿಕೊಡಿ ಎಂದು ತನಗೂ ಮಗಳಿಗೂ ತೀರಿಕೊಂಡ ಗಂಡನಿಗೂ ಸೇರಿಸಿ ಕೋರ್ಟಿಗೆ ಅರ್ಜಿ ಹಾಕಿದಳು. ಅರ್ಜಿಯನ್ನು ತಾನೇ ಟೈಪ್ ಮಾಡಿದಳು. ಮೇ ತಿಂಗಳ ಎರಡನೆಯ ಸೋಮವಾರ ವಿಚಾರಣೆ ಎಂದು ದಿನಾಂಕ ಕೊಟ್ಟರು.

ಅದರ ಹಿಂದಿನ ಗುರುವಾರ ಸೀ ಲಝರ್ ರೇಡಿಯೋದಲ್ಲಿ ಬಾಯಿ ತೆಗೆದರು.

ಪ್ರತಿ ಗುರುವಾರ ಬೆಳಿಗ್ಗೆ ನಮ್ಮ ಊರಿನ ರೇಡಿಯೋದಲ್ಲಿ ಅವರದು ಐದು ನಿಮಿಷದ ಕಾರ್ಯಕ್ರಮ. ಕೇಳುಗರು ಫೋನ್ ಮಾಡಿ ಯಾವುದಾದರೂ ಮಾತಿನ ಹುಟ್ಟು ಕೇಳುತ್ತಾರೆ, ಇವರು ಹೇಳುತ್ತಾರೆ. ಊರಿಗೆ ಊರೇ ಕೇಳುತ್ತದೆ, ಮೀನು ಮಾರುವವರೂ ಕೇಳುತ್ತಾರೆ. ಆ ದಿನ ಯಾವಳೋ ಹುಡುಗಿ ‘ಅತೀಗ್’ ಎಂದರೇನು ಎಂದು ಕೇಳಿದಳು. ಸೀ ಲಝರ್ ಗಂಟಲು ಸರಿಮಾಡಿಕೊಂಡರು. ಅತೀಗ್ ಎಂದರೆ ಪುರಾತನವಾದದ್ದು. ಉದಾತ್ತವಾದದ್ದು. ಒಳ್ಳೆಯ ತಳಿಯ ಕುದುರೆಗೂ ಈ ಮಾತು ಉಂಟು. ಪವಿತ್ರ ಕಾಬಾಕ್ಕೂ ಈ ವಿಶೇಷಣ ಉಂಟು. “ಈ ಮಾತು ಯಾರ ಹೆಸರಿನಲ್ಲಿ ಇದೆಯೋ ಅವರು ತಲೆ ಎತ್ತಿ ನಡೆಯಬೇಕು” ಎಂದು ಮುಗಿಸಿದರು. ಸಂಗೀತ ಬಂತು.

ಆಮೇಲೆ ಮೂರು ದಿನ ಕಾಲೇಜಿನಲ್ಲಿ ಹಬ್ಬ. ಡೀನ್ ಸೀ ಹಾತಿಮ್ ತಮ್ಮ ಕೋಣೆಯಿಂದ ಖುದ್ದಾಗಿ ಇಳಿದು ಬಂದರು.

“ಮುಬಾರಕ್ ಲೆಲ್ಲಾ ಯಗೂತಾ. ಇಷ್ಟು ವರ್ಷ ನಮಗೆ ಗೊತ್ತೇ ಇರ್ಲಿಲ್ಲ ನೋಡಿ, ಎಂಥಾ ಉದಾತ್ತ ಹೆಸರು ನಿಮ್ದು.”

“ಹೌದಾ ಸೀ ಹಾತಿಮ್? ನನಗೊಬ್ಬಳಿಗೆ ಇಷ್ಟೊಂದು ಯಾಕೆ, ಸ್ವಲ್ಪ ನೀವೂ ಇಟ್ಕೊಳ್ಳಿ. ಹಾತಿಮ್ ಅತೀಗ್, ಕೇಳೋಕೆ ಚೆನ್ನಾಗಿದೆ.”

ಡೀನ್ ನಕ್ಕರು, ಆಮೇಲೆ ನಗು ನಿಲ್ಲಿಸಿದರು, ಆಮೇಲೆ ಯಾವುದೋ ಮೀಟಿಂಗ್ ಇದೆ ಎಂದು ಹೋದರು. ಕ್ಯಾಂಟೀನಿನವನು ಅವಳಿಗೆ ಕಾಫಿಗೆ ಎರಡು ಸಕ್ಕರೆ ಹೆಚ್ಚಿಗೆ ಹಾಕಿಕೊಟ್ಟ. ಅವಳು ಸಕ್ಕರೆ ತಿನ್ನುವುದಿಲ್ಲ.

ಸೋಮವಾರ ನಾನೂ ಅವಳ ಜತೆ ಕೋರ್ಟಿಗೆ ಹೋದೆ. ನ್ಯಾಯಾಧೀಶೆ ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ನಗರಸಭೆಯ ದಾಖಲೆ ಅಧಿಕಾರಿ ಎದ್ದುನಿಂತು ಒಂದು ಪತ್ರ ಓದಿದ. ‘ಮಾನ್ಯ ವಿದ್ವಾಂಸರಾದ ಡಾಕ್ಟರ್ ಲಝರ್ ಖಲ್ಫೂನ್ ಅವರು ಕಳೆದ ಗುರುವಾರ ಬಾನುಲಿಯಲ್ಲಿ ಸ್ಪಷ್ಟಪಡಿಸಿರುವಂತೆ, ಸದರಿ ಮಾತು ಗೌರವಸೂಚಕವಾಗಿದ್ದು, ಅರ್ಜಿದಾರಳಿಗೆ ಇದರಿಂದ ಹಾನಿಯಾಗಿಲ್ಲ, ಬದಲಿಗೆ ಲಾಭವೇ ಆಗಿರುತ್ತದೆ. ಆದ್ದರಿಂದ ದಾಖಲೆ ತಿದ್ದುವ ಅಗತ್ಯ ಕಾಣುವುದಿಲ್ಲ.’

ನನ್ನ ಪಿತ್ತ ನೆತ್ತಿಗೇರಿತು. ನ್ಯಾಯಾಧೀಶೆ ಯಗೂತಾಳ ಕಡೆ ನೋಡಿದರು.

“ಬಲ್ಲವರೊಬ್ಬರು ಹೀಗೆ ಹೇಳಿರೋವಾಗ ನಾನು ಸುಮ್ನೆ ತಳ್ಳಿಹಾಕೋಕಾಗಲ್ಲಮ್ಮ. ಅವರ ಅಭಿಪ್ರಾಯ ಪೂರ್ತಿಯಾಗಿ ಬೇಕು. ಮೂರು ವಾರ ಸಮಯ ಕೊಡ್ತೀನಿ. ಅವರನ್ನ ಕರಕೊಂಡು ಬನ್ನಿ.”

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಆಗ ಯಗೂತಾ ಒಂದು ಚೀಟಿಯ ವಿಷಯ ಹೇಳಿದಳು. ಅತೀಗ್‌ಗೆ ಚೀಟಿ ಮೂರಲ್ಲ, ನಾಲ್ಕು. ಪುರಾತನ, ಉದಾತ್ತ, ಕುದುರೆ, ಇವು ಮೂರು. ನಾಲ್ಕನೆಯದು ಅವಳ ಹೆಸರಿನ ಅರ್ಥ. ಹತ್ತು ವರ್ಷದ ಹಿಂದೆ ಸೀ ಲಝರ್ ತಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಬಿಡುಗಡೆ ಪತ್ರದಿಂದ ಅದನ್ನು ಎತ್ತಿ ಬರೆದಿದ್ದರು. ಅದನ್ನೂ ಇವಳೇ ಟೈಪ್ ಮಾಡಿದ್ದಳು.

“ಅದರಲ್ಲಿ ಇರೋದು ನಮ್ಮ ಅಜ್ಜಿಯ ಅಜ್ಜಿ ಅಂತ ಓದ್ತಿದ್ದ ಹಾಗೇ ಗೊತ್ತಾಯ್ತು. ಅವಳ ಹೆಸರನ್ನೇ ನನಗೆ ಇಟ್ಟಿರೋದು. ಒಂದು ತಪ್ಪೂ ಇಲ್ಲದ ಹಾಗೆ ಟೈಪ್ ಮಾಡಿದೆ. ಮನೆಗೆ ಹೋಗಿ ಎರಡು ದಿನ ಮಲಗಿದೆ.”

“ನನಗೆ ಹೇಳಲೇ ಇಲ್ವಲ್ಲೇ.”

“ನೀನು ಕಿರುಚ್ತಿದ್ದೆ.”

ನಿಜ, ಕಿರುಚುತ್ತಿದ್ದೆ. ಆಗಲೂ ಕಿರುಚಿದೆ. ಲೈಬ್ರರಿಗೆ ಓಡಿಹೋಗಿ ಡಬ್ಬಿ ತೆಗೆದು ನೋಡಿದರೆ ಚೀಟಿ ಒಂದು, ಎರಡು, ಮೂರು ಇದ್ದವು. ನಾಲ್ಕನೆಯದು ಇರಲಿಲ್ಲ. ಡಬ್ಬಿ ಮುಟ್ಟುವ ಹಕ್ಕು ಇರುವುದು ನಮ್ಮ ಮೂವರಿಗೆ ಮಾತ್ರ.

“ಕಾರ್ಬನ್ ಪ್ರತಿ ನನ್ನ ಹತ್ರ ಇದೆ,” ಎಂದಳು ಯಗೂತಾ.

“ಮತ್ತೇನು ನೋಡ್ತೀಯಾ? ನಾಳೇನೇ ತಗೊಂಡು ಹೋಗಿ ಆ ನ್ಯಾಯಾಧೀಶೆ ಮುಂದೆ ಇಡು.”

“ನಾನು ಓದಿದ್ರೆ ಅದು ದೂರು ಅನ್ನಿಸ್ಕೊಳ್ಳುತ್ತೆ. ಅವರು ಓದಿದ್ರೆ ವಿದ್ಯೆ ಅನ್ನಿಸ್ಕೊಳ್ಳುತ್ತೆ. ಅವರೇ ಓದಬೇಕು.”

ಅಷ್ಟರಲ್ಲಿ ಸುದ್ದಿ ಕಾಲೇಜಿಗೆ ಮುಟ್ಟಿತ್ತು. ವಿದ್ಯಾರ್ಥಿಗಳು ಗೇಟಿಗೆ ಬಟ್ಟೆ ಕಟ್ಟಿದರು: ‘ಖಲ್ಫೂನ್ ತೊಲಗಲಿ’. ಅವರ ಮುಂದಾಳು ಹುಡುಗಿಯೊಬ್ಬಳು ಯಗೂತಾಳ ಮೇಜಿನ ಮುಂದೆ ಬಂದು ನಿಂತಳು. ಕೈಯಲ್ಲಿ ದೂರಿನ ಕಾಗದ, ಕಣ್ಣಲ್ಲಿ ಆಗಲೇ ನೀರು.

“ಲೆಲ್ಲಾ ಯಗೂತಾ, ನಿಮ್ಮ ಸಹಿ ಬೇಕು. ಅವರನ್ನ ಕೆಲಸದಿಂದ ತೆಗೆಸೋವರೆಗೂ ನಾವು ಬಿಡಲ್ಲ.”

“ಅವರನ್ನ ಕಿತ್ತು ಹಾಕಿದ್ರೆ ನನ್ನ ಹೆಸರಿಂದ ಏನು ಕಿತ್ತುಹೋಗುತ್ತಮ್ಮ?”

ಹುಡುಗಿ ಕಾಗದವನ್ನು ಒಮ್ಮೆ ತಿರುವಿ ನೋಡಿದಳು.

“ಅವರು ಮನೇಲಿ ಕೂತ್ರೆ ಕೋರ್ಟಿಗೆ ಯಾರು ಬರ್ತಾರೆ? ಅವರ ಬಾಯಿ ನನಗೆ ಬೇಕು. ನೀನು ಆ ಬಟ್ಟೆ ಬಿಚ್ಚಿಡು, ಅದರಲ್ಲಿ ಕಾಗುಣಿತ ತಪ್ಪೂ ಇದೆ.”

ಡೀನ್ ಮಾತ್ರ ಹೆದರಿ ಕಂಗಾಲಾದರು. ಸಂಜೆಯೊಳಗೆ ಸುತ್ತೋಲೆ ಬಂತು: ಮುಂಗಡ ಅನುಮತಿ ಇಲ್ಲದೆ ಯಾವ ಅಧ್ಯಾಪಕರೂ ಬಣ್ಣ, ಕುಲ, ಧರ್ಮ, ಹೆಂಗಸರು ಮತ್ತು ಫುಟ್‌ಬಾಲ್ ಕುರಿತು ಸಾರ್ವಜನಿಕವಾಗಿ ಮಾತನಾಡತಕ್ಕದ್ದಲ್ಲ. ವ್ಯಾಕರಣದ ಮೇಷ್ಟ್ರು ಅದನ್ನು ಹಿಡಿದುಕೊಂಡು ಅಧ್ಯಾಪಕರ ಕೋಣೆಗೆ ಬಂದರು.

“ನಾಳೆ ನನ್ನ ಪಾಠ ಬಣ್ಣದ ವಿಶೇಷಣಗಳು. ಕಪ್ಪು, ಕುರುಡು, ಕುಂಟು, ಅರಬ್ಬಿಯಲ್ಲಿ ಇವಕ್ಕೆಲ್ಲ ಒಂದೇ ರೂಪ. ಪಾಠ ಮಾಡ್ಲೋ ಬೇಡ್ವೋ?”

“ಬಿಳುಪಿಗೂ ಅದೇ ರೂಪ ಅಂತ ಮರೀದೆ ಹೇಳಿ ಮೇಷ್ಟ್ರೇ,” ಎಂದಳು ಯಗೂತಾ, ಟೈಪ್ ಮಾಡುವುದನ್ನು ನಿಲ್ಲಿಸದೆ.

ಸುತ್ತೋಲೆ ಓದಿದ ಮೇಲೆ ಸೀ ಲಝರ್‌ಗೆ ಹೊಸ ಹುರುಪು ಬಂತು. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದಂತೆ ಗೋಡೆ ಪಕ್ಕದಲ್ಲಿ ನಡೆಯುತ್ತಿದ್ದವರು ಈಗ ವರಾಂಡದ ನಡುವೆ ಎದೆಯುಬ್ಬಿಸಿ ನಡೆಯತೊಡಗಿದರು. ವಿದ್ವಾಂಸನ ಸ್ವಾತಂತ್ರ್ಯ. ಸಂವಿಧಾನದಲ್ಲೇ ಇದೆ. ಡೀನ್ ಯಾರು ನನ್ನ ಬಾಯಿಗೆ ಬೀಗ ಹಾಕೋಕೆ. ಅಧ್ಯಾಪಕರ ಸಂಘದವರು ಸಭೆ ಸೇರಿದರು, ನಾಲ್ಕು ಗಂಟೆ ಮಾತಾಡಿದರು. ಆ ನಾಲ್ಕು ಗಂಟೆಯಲ್ಲಿ ಯಗೂತಾಳ ಹೆಸರು ಒಂದು ಸಲವೂ ಬರಲಿಲ್ಲ, ನಾನು ಎಣಿಸುತ್ತಾ ಕೂತಿದ್ದೆ. ಕೊನೆಗೆ ಸುತ್ತೋಲೆ ಹಿಂಪಡೆಯಿರಿ ಎಂದು ಮನವಿ ಬರೆಯುವುದೆಂದು ತೀರ್ಮಾನವಾಯಿತು. ಟೈಪ್ ಮಾಡುವವರು ಯಾರು? ಇನ್ಯಾರು.

ಅವಳು ಟೈಪ್ ಮಾಡಿದಳು. ಎರಡು ಕಡೆ ವಾಕ್ಯ ನೆಟ್ಟಗಿರಲಿಲ್ಲ, ತಿದ್ದಿದಳು. ಕೆಳಗೆ ಸಹಿ ಹಾಕುವ ಜಾಗದಲ್ಲಿ ಮೊದಲನೆಯ ಸಹಿ ತಾನೇ ಹಾಕಿದಳು: ಯಗೂತಾ ಅತೀಗ್ ಖಲ್ಫೂನ್. ನನಗೆ ತಲೆಕೆಟ್ಟುಹೋಯಿತು.

“ನಿನಗೆ ಬುದ್ಧಿ ಇದೆಯಾ? ನಿನ್ನ ಕುತ್ತಿಗೆ ಕೊಯ್ದವರ ಪರವಾಗಿ ಸಹಿ ಹಾಕ್ತೀಯಲ್ಲ.”

“ಅವರಿಗೆ ಮಾತಾಡೋ ಹಕ್ಕಿಲ್ಲ ಅಂತಾದ್ರೆ ಕೋರ್ಟಿಗೆ ಬರೋಕಾಗಲ್ಲ ಅಂತ ಆ ಸುತ್ತೋಲೆ ತೋರಿಸಿ ತಪ್ಪಿಸ್ಕೋತಾರೆ. ಮೊದಲು ಹಕ್ಕು ಸಿಗ್ಲಿ. ಆಮೇಲೆ ನೋಡ್ಕೋತೀನಿ.”

ನಲವತ್ತೆರಡು ಸಹಿ ಬಿದ್ದವು. ಡೀನ್ ಸುತ್ತೋಲೆ ಹಿಂದಕ್ಕೆ ತೆಗೆದುಕೊಂಡರು. ಸೀ ಲಝರ್ ಗೆದ್ದವರ ನಗುವಿನಲ್ಲಿ ಕೈಕುಲುಕುತ್ತಾ ತಿರುಗಿದರು. ಮಾರನೆಯ ದಿನ ಯಗೂತಾ ಅವರ ಕೋಣೆಗೆ ಹೋದಳು. ನಾನು ಬಾಗಿಲ ಬಳಿ ಪುಸ್ತಕದ ಪಟ್ಟಿ ಹಿಡಿದು ನಿಂತೆ. ಪಟ್ಟಿ ತಲೆಕೆಳಗಾಗಿತ್ತೆಂದು ಆಮೇಲೆ ಗೊತ್ತಾಯಿತು.

“ಸೀ ಲಝರ್, ಈಗ ನಿಮ್ಮ ಬಾಯಿ ನಿಮ್ಮದೇ ಆಯ್ತಲ್ಲ. ಸೋಮವಾರ ಕೋರ್ಟಿಗೆ ಬನ್ನಿ.”

ಅವರ ಮುಖ ಸಪ್ಪಗಾಯಿತು. “ನಾನು ಹೇಳಿದ್ದರಲ್ಲಿ ಸುಳ್ಳು ಏನಿದೆ ಯಗೂತಾ? ಮೂರು ಅರ್ಥಾನೂ ನಿಘಂಟಿನಲ್ಲಿ ಇದೆ.”

“ಸುಳ್ಳು ಒಂದೂ ಇಲ್ಲ. ನಾನೇ ಟೈಪ್ ಮಾಡಿದ್ದು.”

“ರೇಡಿಯೋದಲ್ಲಿ ಇರೋದು ಐದು ನಿಮಿಷ. ಏನು ಹೇಳಬೇಕು ಏನು ಬಿಡಬೇಕು ಅನ್ನೋದು ವಿದ್ವಾಂಸನಿಗೆ ಬಿಟ್ಟಿದ್ದು. ಯಾರೂ ನನಗೆ ಇಂಥಾದ್ದೇ ಹೇಳು ಅಂತ ಅಪ್ಪಣೆ ಮಾಡೋಹಾಗಿಲ್ಲ.”

“ಬಿಡು ಅಂತಾನೂ ಯಾರೂ ಅಪ್ಪಣೆ ಮಾಡಿರ್ಲಿಲ್ಲವಲ್ಲ.”

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. “ಅಮ್ಮ ರೇಡಿಯೋ ಕೇಳ್ತಾಳೆ. ತೊಂಬತ್ತು ವಯಸ್ಸು. ಅಜ್ಜನ ಪೆಟ್ಟಿಗೆ ಅಂತ ನಾನು ಹೇಗೆ ಹೇಳ್ಲಿ? ಅದೂ ಅಲ್ದೆ...” ಕನ್ನಡಕ ಹಾಕಿಕೊಂಡರು. “ನಿನಗೆ ಸಂತೋಷ ಆಗುತ್ತೆ ಅಂದುಕೊಂಡಿದ್ದೆ. ಆ ಮಾತಿನಲ್ಲಿ ಒಳ್ಳೇದನ್ನೆಲ್ಲ ಆರಿಸಿ ನಿನಗೆ ಕೊಟ್ಟೆ ಅಂದುಕೊಂಡೆ.”

ಅವರು ಹೇಳಿದ್ದು ನಿಜ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

“ನಿಮ್ಮ ಒಳ್ಳೇತನ ಹಿಡ್ಕೊಂಡು ನಗರಸಭೆಯವನು ನನ್ನ ಮಗಳ ಮದುವೆಗೆ ಬರ್ತಿದ್ದಾನೆ ಸೀ ಲಝರ್. ನೀವು ಮನೆಯ ಜಗಲಿ ಮೇಲೆ ಕೂತು ಹೇಳಿದ್ರೆ ನಾನು ನಕ್ಕು ಸುಮ್ನಾಗ್ತಿದ್ದೆ. ಊರಿಗೆ ಊರೇ ಕೇಳೋ ಕಡೆ, ಡಾಕ್ಟರ್ ಅನ್ನಿಸ್ಕೊಂಡು ಹೇಳಿದ್ರಿ.”

ಅವರು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ಅವಳು ಹೊರಗೆ ಬಂದಳು. ನನ್ನಿಂದ ಸುಮ್ಮನಿರಲಾಗಲಿಲ್ಲ. ನನ್ನ ಕೈಯಲ್ಲಿರುವ ಆಯುಧ ಒಂದೇ, ತಡ ಮಾಡಿದವರಿಗೆ ಕಳಿಸುವ ಕೆಂಪು ನೋಟೀಸು. ತುಂಬಿ ಕಳಿಸಿದೆ: ‘ತಾವು ಒಯ್ದಿರುವ ಅತೀಗ್, ಚೀಟಿ ಸಂಖ್ಯೆ ನಾಲ್ಕು, ಲೈಬ್ರರಿಗೆ ಮರಳಿ ಬಂದಿರುವುದಿಲ್ಲ. ಇತರ ಓದುಗರು ಕಾಯುತ್ತಿದ್ದಾರೆ.’ ಮಾರನೆಯ ದಿನ ಇನ್ನೊಂದು. ಅದರ ಮಾರನೆಯ ದಿನ ಮತ್ತೊಂದು, ಅದನ್ನು ಅವರ ಮನೆಗೇ ಕಳಿಸಿದೆ. ತೊಂಬತ್ತರ ತಾಯಿ ಅದನ್ನು ಇಸಿದುಕೊಂಡು, ಏನೋ ಇದು, ಯಾರದೋ ವಸ್ತು ತಂದು ಇಟ್ಟುಕೊಂಡಿದ್ದೀಯಂತಲ್ಲ, ಎಂದು ಮಗನನ್ನು ಬಯ್ದರಂತೆ.

ಸೋಮವಾರ ಹನ್ನೊಂದು ಗಂಟೆಯಾದರೂ ಅವರ ಪತ್ತೆ ಇಲ್ಲ. ಯಗೂತಾ ಬಾಗಿಲ ಕಡೆ ನೋಡಲೇ ಇಲ್ಲ, ನೋಡುವ ಕೆಲಸ ನನ್ನದಾಗಿತ್ತು. ದಾಖಲೆ ಅಧಿಕಾರಿ ಗಡಿಯಾರ ನೋಡಿಕೊಂಡು ಹಲ್ಲುಕಿರಿಯುತ್ತಿದ್ದ. ಹೆಸರು ಕೂಗಿದಾಗ ಹಿಂದಿನಿಂದ ಕೆಮ್ಮು ಕೇಳಿಸಿತು. ಮದುವೆಗೆ ಹಾಕುವ ಕೋಟು ಹಾಕಿಕೊಂಡು ಸೀ ಲಝರ್ ನಿಂತಿದ್ದರು. ಕಂಕುಳಲ್ಲಿ ಬೂಟಿನ ಡಬ್ಬಿ.

ನ್ಯಾಯಾಧೀಶೆ ಅಭಿಪ್ರಾಯ ಕೇಳಿದರು. ಅವರು ಮೊದಲನೆಯ ಚೀಟಿ ತೆಗೆದು ಓದಿದರು. ಎರಡನೆಯದು ಓದಿದರು. ಮೂರನೆಯದಕ್ಕೆ ಬಂದಾಗ ಕುದುರೆಯ ಬಗ್ಗೆ ಅವರ ಉತ್ಸಾಹ ಹೆಚ್ಚಾಯಿತು. ಅದರ ಗೊರಸು, ಅದರ ಹಣೆ, ಅದರ ತಾಯಿಯ ತಳಿ.

“ಕುದುರೆಯನ್ನ ಕಟ್ಟಿಹಾಕಿ ಡಾಕ್ಟರೇ,” ಎಂದರು ನ್ಯಾಯಾಧೀಶೆ. “ಇನ್ನೂ ಇದೆಯಾ?”

ಅವರು ನೀರು ಕೇಳಿದರು. ಕುಡಿದರು. ಕೋಟಿನ ಒಳಜೇಬಿನಿಂದ ನಾಲ್ಕನೆಯ ಚೀಟಿ ತೆಗೆದರು. ಡಬ್ಬಿಯಿಂದಲ್ಲ, ಜೇಬಿನಿಂದ.

“ಅತೀಗ್. ಬಿಡುಗಡೆ ಹೊಂದಿದ ಗುಲಾಮ, ಅಥವಾ ಅವನ ಸಂತತಿ. ನಮ್ಮ ಸೀಮೆಯ ದಾಖಲೆಗಳಲ್ಲಿ ಒಡೆಯನ ಹೆಸರಿನ ಜತೆಗೆ ಬರುತ್ತದೆ. ಉದಾಹರಣೆ.” ಅವರು ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದರು. “ಹಾಜ್ ಸಾಲಿಮ್ ಖಲ್ಫೂನನ ದಾಸಿ ಯಗೂತಾ, ಎತ್ತರದವಳು, ಎಡಗೆನ್ನೆಯಲ್ಲಿ ಗೀರಿನ ಗುರುತುಳ್ಳವಳು, ಈ ದಿನ ಬಿಡುಗಡೆ ಹೊಂದಿದ್ದಾಳೆ. ಅವಳೂ ಅವಳ ಹೊಟ್ಟೆಯಲ್ಲಿರುವುದೂ ಇನ್ನು ಮುಂದೆ ಖಲ್ಫೂನರ ಅತೀಗ್. ಆಕರ: ಸಂಗ್ರಾಹಕನ ಅಜ್ಜನ ಪೆಟ್ಟಿಗೆ.”

“ಸಂಗ್ರಾಹಕ ಯಾರು?”

“ನಾನೇ.”

ದಾಖಲೆ ಅಧಿಕಾರಿ ತನ್ನ ಪತ್ರವನ್ನು ಮಡಿಚತೊಡಗಿದ. ನ್ಯಾಯಾಧೀಶೆ ಕೇಳಿದರು, “ರೇಡಿಯೋದಲ್ಲಿ ಇದನ್ನ ಯಾಕೆ ಹೇಳಲಿಲ್ಲ?”

“ಹೇಳೋಕೆ ನನಗೆ ಪೂರ್ತಿ ಸ್ವಾತಂತ್ರ್ಯ ಇತ್ತು. ಧೈರ್ಯ ಇರಲಿಲ್ಲ.”

“ಹಾಗಾದರೆ ಈ ಮಾತು ಗೌರವದ್ದು ಅಂತ ಈಗಲೂ ಹೇಳ್ತೀರಾ?”

ಸೀ ಲಝರ್ ಯಗೂತಾಳ ಕಡೆ ತಿರುಗಿದರು. “ನಿಘಂಟಿನಲ್ಲಿ ಗೌರವದ್ದೇ. ಲೆಲ್ಲಾ ಯಗೂತಾ ಅವರ ಹೆಸರಿನಲ್ಲಿ ಅದು ರಶೀದಿ. ನಮ್ಮ ಮನೆಯ ರಶೀದಿಯನ್ನ ಅವರು ಯಾಕೆ ಹೊತ್ಕೊಂಡು ತಿರುಗಬೇಕು?”

ಲೆಲ್ಲಾ. ಅವರು. ಮೂವತ್ತೊಂದು ವರ್ಷ ಹಿಡಿಯಿತು. ನಾನು ಮೂಗು ಒರೆಸಿಕೊಂಡೆ, ನೆಗಡಿ ಎಂದು ಪಕ್ಕದವರಿಗೆ ಹೇಳಿದೆ.

ನ್ಯಾಯಾಧೀಶೆ ಬರೆದುಕೊಂಡರು. ಮಾತನ್ನು ತೆಗೆಯುವಂತೆ ಅಲ್ಲಿಯೇ ಆಜ್ಞೆಯಾಯಿತು. ಗುಮಾಸ್ತ ಎದ್ದು ತಿದ್ದಿದ ಹೆಸರು ಓದಿದ: “ಯಗೂತಾ ಖಲ್ಫೂನ್. ಮಗಳು ತಿಬ್ರಾ ಖಲ್ಫೂನ್.” ತೀರಿಕೊಂಡ ಗಂಡನ ಹೆಸರಿಗೂ ಅದೇ ತಿದ್ದುಪಡಿ. ಎಲ್ಲರೂ ಯಗೂತಾಳ ಮುಖ ನೋಡಿದರು, ಅಳುತ್ತಾಳೋ ನಗುತ್ತಾಳೋ ಎಂದು. ಅವಳು ಲೆಕ್ಕಾಚಾರದ ಮುಖ ಮಾಡಿಕೊಂಡಿದ್ದಳು.

“ಅಮ್ಮಾ ನ್ಯಾಯಾಧೀಶರೇ, ರಶೀದಿ ಹೋಯ್ತು. ಆದರೆ ಅಂಗಡಿ ಬೋರ್ಡು ಹಾಗೇ ಉಳೀತಲ್ಲ.”

ಅಷ್ಟು ಹೊತ್ತಿನಲ್ಲಿ ನ್ಯಾಯಾಧೀಶೆ ನಕ್ಕದ್ದು ಅದೊಂದೇ ಸಲ. “ಕಾನೂನಿನಲ್ಲಿ ನಾನು ಒಂದು ಮಾತು ತೆಗೀಬಹುದು. ಮನೆಹೆಸರನ್ನೇ ಬದಲಾಯಿಸಬೇಕು ಅಂದ್ರೆ ಬೇರೆ ಅರ್ಜಿ, ಬೇರೆ ಇಲಾಖೆ, ವರ್ಷಗಟ್ಟಲೆ ಆಗುತ್ತೆ. ಸದ್ಯಕ್ಕೆ ಖಲ್ಫೂನ್ ಅಂತ ಇರೋದಕ್ಕೆ ನಿಮಗೆ ಆಕ್ಷೇಪಣೆ ಇದೆಯಾ?” ಆಮೇಲೆ ಸೀ ಲಝರ್ ಕಡೆಗೂ ನೋಡಿದರು. “ನಿಮಗೆ?”

ಸೀ ಲಝರ್ ಇಲ್ಲ ಎಂದು ತಲೆಯಾಡಿಸಿದರು. ಯಗೂತಾ ಬೆರಳಲ್ಲಿ ತಿಂಗಳು ಎಣಿಸಿದಳು.

“ನನಗಿದೆ. ಆದರೆ ಮದುವೆ ಜುಲೈನಲ್ಲಿದೆ. ಸದ್ಯಕ್ಕೆ ಇರ್ಲಿ.”

ಮುಂದಿನ ಗುರುವಾರ ಸೀ ಲಝರ್ ರೇಡಿಯೋದಲ್ಲಿ ನಾಲ್ಕನೆಯ ಚೀಟಿಯನ್ನೂ ಓದಿದರು, ಆಕರದ ಸಮೇತ. ಅವರ ತಾಯಿ ಎರಡು ದಿನ ಮಗನ ಜತೆ ಮಾತು ಬಿಟ್ಟರು, ಮೂರನೆಯ ದಿನ ಆ ಪೆಟ್ಟಿಗೆಯಲ್ಲಿ ಇನ್ನೂ ಏನೇನಿದೆ ಎಂದು ಕೇಳಿದರಂತೆ. ಆಮೇಲೆ ಸೀ ಲಝರ್ ಯಗೂತಾಳಿಗೆ ಹೊಸ ಮನೆಹೆಸರು ಹುಡುಕಿಕೊಡಲು ಹೊರಟರು. ನಲವತ್ತು ಚೀಟಿ ಬರೆದು ತಂದು ಮೇಜಿನ ಮೇಲೆ ಹರವಿದರು, ಒಂದಕ್ಕಿಂತ ಒಂದು ಸುಂದರ, ಎಲ್ಲದಕ್ಕೂ ಹುಟ್ಟು, ಬೆಳವಣಿಗೆ, ಉದಾಹರಣೆ. ಅವಳು ಅಷ್ಟನ್ನೂ ಜೋಡಿಸಿ ವಾಪಸ್ಸು ಕೊಟ್ಟಳು.

“ನಿಮ್ಮ ಮಾತೆಲ್ಲ ನಾನೇ ಟೈಪ್ ಮಾಡಿದ್ದೀನಿ ಸೀ ಲಝರ್. ಈ ಒಂದು ಮಾತು ನಾನೇ ಹುಡುಕ್ಕೋತೀನಿ. ಸಿಕ್ಕಾಗ ನಿಮಗೆ ಕೊಡ್ತೀನಿ, ನೀವು ಬರ್ಕೊಳ್ಳಿ.”

ಜುಲೈ ಮೂರನೆಯ ಭಾನುವಾರ ಮಧ್ಯಾಹ್ನ ಕರಾರು. ಯಗೂತಾಳ ಅಂಗಳದಲ್ಲಿ ಚಪ್ಪರ, ನಿಂಬೆ ಪಾನಕ, ಬಾದಾಮಿ ಮಿಠಾಯಿ, ಸ್ಫಾಕ್ಸ್‌ನಿಂದ ಬಂದ ಮೂವತ್ತು ಜನ ನೆಂಟರು, ತಡೆಯಲಾಗದ ಸೆಖೆ. ಯಗೂತಾ ನನ್ನ ಪಕ್ಕದಲ್ಲಿ ಕೂತಿದ್ದಳು. ನೋಟರಿ ಕನ್ನಡಕ ಹಾಕಿಕೊಂಡು ಕರಾರು ಬಿಚ್ಚಿದಾಗ ಅವಳ ಕೈ ನನ್ನ ಮೊಣಕೈಯನ್ನು ಹಿಡಿಯಿತು. ಎಂಥಾ ಹಿಡಿತ, ಉಗುರಿನ ಗುರುತು ವಾರದವರೆಗೆ ಇತ್ತು.

ನೋಟರಿಗೆ ಎಲ್ಲಿಗೋ ಅವಸರ. ವರನ ಹೆಸರು, ಅವನ ತಂದೆ, ಅವನ ತಾಯಿ, ವಧುವಿನ ಹೆಸರು, ತಂದೆ, ತಾಯಿ, ಉಸಿರು ತೆಗೆದುಕೊಳ್ಳದೆ ಓದಿಕೊಂಡು ಹೋದರು. ಸ್ಫಾಕ್ಸ್‌ನ ಅತ್ತೆ ಮಿಠಾಯಿಯಲ್ಲಿ ಸಕ್ಕರೆ ಜಾಸ್ತಿ ಎನ್ನುತ್ತಿದ್ದರು. ಹುಡುಗನ ಸೋದರಮಾವ ಬೀಸಣಿಗೆ ಹುಡುಕುತ್ತಿದ್ದರು. ಯಾರೂ ತಲೆ ಎತ್ತಲಿಲ್ಲ, ಯಾರೂ ಯಾರ ಕಡೆಗೂ ತಿರುಗಲಿಲ್ಲ. ತಿಬ್ರಾ ತನ್ನ ಗಂಡನಾಗುವವನ ಟೈ ಸರಿಮಾಡುತ್ತಿದ್ದಳು.

“ಕೇಳಿಸ್ತಾ?” ಎಂದಳು ಯಗೂತಾ, ಮೆಲ್ಲಗೆ.

“ಏನು?”

“ಏನೂ ಇಲ್ಲ.” ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. “ಏನೂ ಕೇಳಿಸಲಿಲ್ಲ ಜ್ನೇನಾ.”

ಅಷ್ಟರಲ್ಲಿ ನೋಟರಿ ಮುಂದಿನ ಪುಟ ತಿರುವಿ, ಸಾಕ್ಷಿಗಳು ಬನ್ನಿ ಎಂದು ಕರೆದರು.